ಒಳಗಿನಿಂದ ಮಾತ್ರ ತೆರೆಯುವ ಬೀಗ

"ಮನುಷ್ಯ ಹಾಕಿದ ಬೀಗ ಮನುಷ್ಯನೇ ತೆಗೀಬಹುದು. ಮನುಷ್ಯ ಓಡಿದ ದೂರ ಮನುಷ್ಯನೇ ಓಡಬಹುದು. ನಾನು ಟ್ರಯಾಥ್ಲಾನ್ ಮಾಡ್ತೀನಿ!"

ಬೀಗದ ಮೇಸ್ತ್ರಿ ಈ ಘೋಷಣೆಯನ್ನು ಹೊರಡಿಸಿದ್ದು ಊಟದ ಮೇಜಿನ ಮುಂದೆ ಕೂತು, ಎರಡನೆಯ ಸಲ ಬಡಿಸಿಕೊಂಡ ತಟ್ಟೆಯನ್ನು ಸಾಕ್ಷಿಯಾಗಿಟ್ಟುಕೊಂಡು. ಅವನಿಗೆ ಆಗ ಐವತ್ತು ಹತ್ತಿರವಾಗಿತ್ತು. ಅಂಗಡಿಯಲ್ಲಿ ನಿಂತರೆ ಗಿರಾಕಿಗಳನ್ನು ಮೊದಲು ಸ್ವಾಗತಿಸುತ್ತಿದ್ದುದು ಅವನ ಹೊಟ್ಟೆ. ಮುಖ ಆಮೇಲೆ ಬರುತ್ತಿತ್ತು. ಊರಿನಲ್ಲಿ ಅವನು ತೆಗೆಯದ ಬೀಗವಿಲ್ಲ ಎಂಬ ಮಾತಿತ್ತು. ಆ ಮಾತನ್ನು ಮೊದಲು ಆಡಿದವನೂ ಅವನೇ.

ಕಾರಣ ಇಷ್ಟೇ. ಆ ಮಧ್ಯಾಹ್ನ ಒಬ್ಬ ಹೆಂಗಸು ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ಅಂಗಡಿಗೆ ಬಂದಿದ್ದಳು. ಸೈಕಲ್ಲಿನ ಬೀಗದ ಕೈ ಕೆರೆಯಲ್ಲಿ ಬಿದ್ದುಹೋಗಿತ್ತು. ಕೆರೆಯಲ್ಲಿ ಏನು ಮಾಡುತ್ತಿದ್ದಿರಿ ಎಂದು ಮೇಸ್ತ್ರಿ ಕೇಳಿದ. ಆಗ ಅವಳು ಟ್ರಯಾಥ್ಲಾನಿನ ಕಥೆ ಹೇಳಿದಳು: ಮೊದಲು ಕೆರೆಯ ಉದ್ದಕ್ಕೂ ಈಜಬೇಕು, ಒದ್ದೆ ಮೈಯಲ್ಲೇ ಸೈಕಲ್ ಹತ್ತಿ ಊರೂರು ದಾಟಬೇಕು, ಸೈಕಲ್ಲಿಂದ ಇಳಿದವರು ಕೂರದೆ ಓಡಬೇಕು; ಸೂರ್ಯನ ಜೊತೆ ಹೊರಟವರು ಸೂರ್ಯನಿಗಿಂತ ಮೊದಲು ಮುಗಿಸಬೇಕು. ಇಷ್ಟು ಕೇಳಿ ಮೇಸ್ತ್ರಿ ನಕ್ಕಿದ್ದ. ಆಮೇಲೆ ಅವಳಿಗೆ ತನಗಿಂತ ಎರಡು ವರ್ಷ ಹೆಚ್ಚು ಎಂದು ಗೊತ್ತಾಯಿತು. ನಗು ಅಲ್ಲಿಗೇ ನಿಂತಿತು.

"ಈಜು ಬರುತ್ತಾ ನಿಮಗೆ?" ಎಂದು ಹೆಂಡತಿ ಕೇಳಿದಳು. ಅವಳು ಕನ್ನಡಕದ ಅಂಗಡಿಯಲ್ಲಿ ರಿಪೇರಿ ಕೆಲಸ ಮಾಡುವವಳು. ಸಾಸಿವೆಗಿಂತ ಸಣ್ಣ ಸ್ಕ್ರೂಗಳ ನಡುವೆ ದಿನ ಕಳೆಯುವವಳಾದ್ದರಿಂದ ಯಾವ ಮಾತನ್ನೂ ಬಿಡಿಬಿಡಿಯಾಗಿ ಬಿಚ್ಚಿ ನೋಡುವುದು ಅವಳ ಅಭ್ಯಾಸ.

"ಕಲೀತೀನಿ."

"ಸೈಕಲ್ಲು?"

"ಇದೆಯಲ್ಲ... ಇತ್ತಲ್ಲ. ತಗೊಂಡ್ರಾಯ್ತು."

"ಓಟ?"

"ಓಟ ಯಾರಿಗೆ ಬರಲ್ಲ ಹೇಳು? ಒಂದು ಕಾಲಾದ ಮೇಲೆ ಇನ್ನೊಂದು ಕಾಲು!"

ಮೇಜಿನ ಆ ತುದಿಯಲ್ಲಿ ಅತ್ತೆ ಕೂತಿದ್ದರು. ದೊಡ್ಡಾಸ್ಪತ್ರೆಯಲ್ಲಿ ಮೇಟ್ರನ್ ಆಗಿ ನಿವೃತ್ತರಾದವರು. ಅವರು ವಾರ್ಡಿಗೆ ಬಂದರೆ ಜ್ವರ ತಾನಾಗಿ ಇಳಿಯುತ್ತಿತ್ತಂತೆ. ಮಗಳ ಮನೆಗೆ ಬಂದು ನೆಲೆಸಿದ ಮೇಲೂ ಅವರ ಕಣ್ಣಿಗೆ ಅಳಿಯ ಒಬ್ಬ ಒಳರೋಗಿಯೇ. ಅವರು ನೀರಿನ ಲೋಟ ಕೆಳಗಿಟ್ಟು ಹೇಳಿದರು:

"ಇಂಥವರನ್ನ ನಾನು ಬೇಕಾದಷ್ಟು ನೋಡಿದ್ದೀನಿ ಕಣೇ. ಮಂಚದ ಮೇಲೆ ಮಲಗಿ ಶಪಥ ಮಾಡ್ತಾರೆ, ನಾಳೆಯಿಂದ ಸಿಗರೇಟಿಲ್ಲ, ದಿನಾ ವಾಕಿಂಗು ಅಂತ. ಗೇಟು ದಾಟೋದರೊಳಗೆ ರೋಗಿಗಿಂತ ಮೊದಲು ಶಪಥ ಡಿಸ್ಚಾರ್ಜ್!"

"ಅತ್ತೆ, ಇದು ಆ ಥರದ್ದಲ್ಲ."

"ಬಾಲ್ಕನಿಗೆ ಅರ್ಧ ಬಣ್ಣ ಹೊಡೆದಿದ್ದೀರಿ. ಮೂರು ಕಾಲಿಗೇ ನಿಂತುಹೋದ ಸ್ಟೂಲು ಮಂಚದ ಕೆಳಗಿದೆ. ಕೊಳಲು ತಂದ್ರಿ, ಊದೋ ತೂತು ಯಾವುದು ಅಂತ ಗೊತ್ತಾದ ದಿನ ಬಿಟ್ಟುಬಿಟ್ರಿ. ನಾನೇನೂ ಅನ್ನಲ್ಲಪ್ಪ. ಆರಂಭಶೂರರು ಅಂತ ಒಂದು ಜಾತಿ ಇರುತ್ತೆ ಅಷ್ಟೇ."

ಮೇಸ್ತ್ರಿ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿದ. ಪದಕ, ಆರೋಗ್ಯ, ತೂಕ ಎಲ್ಲವೂ ಆ ಕ್ಷಣವೇ ಗೌಣವಾದವು. ಈ ಬಾಯಿಂದಲೇ, ಈ ಅತ್ತೆಯ ಬಾಯಿಂದಲೇ, "ಅಳಿಯಂದಿರು ಹಿಡಿದದ್ದು ಮುಗಿಸಿದರು" ಎಂದು ಅನ್ನಿಸದೆ ಬಿಡುವುದಿಲ್ಲ ಎಂದು ಅವನು ಮನಸ್ಸಿನಲ್ಲೇ ತೊಡೆ ತಟ್ಟಿದ. ಮರುದಿನವೇ ಹೋಗಿ ಮುಂದಿನ ವರ್ಷದ ಸ್ಪರ್ಧೆಗೆ ಹೆಸರು ಕೊಟ್ಟುಬಂದ.

ಮೊದಲ ಓಟ ಬೀದಿಯ ತಿರುವಿನವರೆಗೆ ಸಾಗಿತು. ವಾಪಸು ಬಂದದ್ದು ಬಸ್ಸಿನಲ್ಲಿ. ಈಜುಕೊಳದ ಕಥೆ ಇನ್ನೂ ಘನವಾದದ್ದು. ಅಲ್ಲಿ ಅವನ ಸಹಪಾಠಿಗಳೆಲ್ಲ ಅವನ ಸೊಂಟದೆತ್ತರದವರು. ಅವರು ಮೀನಿನಂತೆ ಹೋಗಿ ಬರುವಷ್ಟರಲ್ಲಿ ಮೇಸ್ತ್ರಿ ಇದ್ದಲ್ಲೇ ಇದ್ದು ಕೊಳದ ಅರ್ಧ ನೀರನ್ನು ದಡಕ್ಕೆ ಹಾಕುತ್ತಿದ್ದ. ಇನ್ನರ್ಧ ಹೊಟ್ಟೆಗೆ ಹೋಗುತ್ತಿತ್ತು. ಈಜು ಕಲಿಸುವ ಹುಡುಗಿ ಒಂದು ತಿಂಗಳು ನೋಡಿದಳು. ಕೊನೆಗೆ ಸೀಟಿ ಊದಿ ನಿಲ್ಲಿಸಿದಳು.

"ಅಂಕಲ್, ನೀರಿನ ಜೊತೆ ಯಾಕೆ ಜಗಳ ಆಡ್ತೀರಾ?"

"ನಾನೆಲ್ಲಿ ಆಡ್ತೀನಮ್ಮ? ಅದೇ ಮೊದಲು ಕೈ ಮಾಡೋದು!"

"ನೀವು ಏನು ಕೆಲಸ ಮಾಡೋದು?"

"ಬೀಗ ತೆಗೆಯೋದು."

"ಬೀಗಾನೂ ಹೀಗೇ ಗುದ್ದಿ ತೆಗೀತೀರಾ?"

ಮೇಸ್ತ್ರಿ ನೀರಿನಲ್ಲಿ ಹಾಗೇ ನಿಂತುಬಿಟ್ಟ. ಬೀಗವನ್ನು ಗುದ್ದುವವನು ಕಳ್ಳ. ಕೆಲಸ ಬಲ್ಲವನು ತಂತಿ ಒಳಗಿಟ್ಟು ಸುಮ್ಮನಾಗುತ್ತಾನೆ. ಒಳಗೆ ಯಾವ ಹಲ್ಲು ಎಲ್ಲಿ ಕೂತಿದೆ ಎಂದು ಬೆರಳ ತುದಿಯಿಂದ ಕೇಳಿಸಿಕೊಳ್ಳುತ್ತಾನೆ. ಅದು ಬಿಡುವ ಗಳಿಗೆಯವರೆಗೆ ಉಸಿರನ್ನೂ ಅವಸರ ಮಾಡುವುದಿಲ್ಲ. ಅಂಗಡಿಯಲ್ಲಿ ಇಷ್ಟು ವರ್ಷ ಮಾಡಿದ್ದನ್ನು ನೀರಿನಲ್ಲಿ ಮಾಡಬಹುದು ಎಂದು ಅವನಿಗೆ ಹೊಳೆದೇ ಇರಲಿಲ್ಲ. ಅಂದಿನಿಂದ ಅವನು ನೀರನ್ನು ಕೇಳಿಸಿಕೊಳ್ಳತೊಡಗಿದ. ಕೊಳದ ಆ ಕಡೆಯ ಗೋಡೆಯನ್ನು ಮೊದಲ ಸಲ ಮುಟ್ಟಿದ ದಿನ ಅಲ್ಲೇ ಹಿಡಿದು ನಿಂತು ಅತ್ತ. ಈಜುವವರ ಕನ್ನಡಕದಲ್ಲಿ ಒಂದು ಅನುಕೂಲವಿದೆ: ಅದರೊಳಗಿನ ನೀರು ಎಲ್ಲಿಂದ ಬಂದದ್ದು ಎಂದು ಯಾರೂ ಕೇಳುವುದಿಲ್ಲ.

ಹೊಟ್ಟೆ ಹಿಂದೆ ಸರಿಯಿತು, ಮುಖ ಮುಂದೆ ಬಂತು. ಬೀದಿಯ ತಿರುವು ದಾಟಿದ, ಊರಾಚೆಯ ಸೇತುವೆ ದಾಟಿದ. ಮನೆ ಮಾತ್ರ ಮನೆಯಾಗಿ ಉಳಿಯಲಿಲ್ಲ. ಕುರ್ಚಿಗೊಂದು ಒದ್ದೆ ಬನಿಯನ್ನು, ಕಿಟಕಿಗೊಂದು ಕಾಲುಚೀಲ. "ಇದು ಮನೆಯಲ್ಲ ಕಣೇ, ಒಗೆಯೋ ಬಟ್ಟೆಗಳ ಬಸ್‌ಸ್ಟ್ಯಾಂಡು" ಎಂದರು ಅತ್ತೆ. ಸೈಕಲ್ಲನ್ನು ಒಂದು ಸ್ಟ್ಯಾಂಡಿಗೆ ಬಿಗಿದು ನಿಂತಲ್ಲೇ ತುಳಿಯುವ ಏರ್ಪಾಡು ನಡುಮನೆಯಲ್ಲಿತ್ತು. ಕೆಳಗಿನ ಮನೆಯವರು ಬಂದು, "ನಿಮ್ಮಲ್ಲಿ ಹಿಟ್ಟಿನ ಗಿರಣಿ ಇಟ್ಟಿದ್ದೀರಾ?" ಎಂದು ಸೌಜನ್ಯದಿಂದ ವಿಚಾರಿಸಿದರು. ಸೈಕಲ್ಲು ಬಚ್ಚಲುಮನೆಗೆ ವರ್ಗವಾಯಿತು. ಹಳೆಯ ಕಾಲದ ದೊಡ್ಡ ಬಚ್ಚಲುಮನೆ. ಬೆವರು ಸುರಿದರೂ ನೆಲಕ್ಕೆ ಚಿಂತೆಯಿಲ್ಲ.

ಈಗ ಆ ಬಚ್ಚಲುಮನೆಯ ಬೀಗದ ಬಗ್ಗೆ ಹೇಳಬೇಕು. ಹಳೆಯ ಚಿಲಕ ಸಡಿಲವಾಗಿದೆ, ಸ್ನಾನಕ್ಕೆ ಹೋದರೆ ನೆಮ್ಮದಿಯಿಲ್ಲ ಎಂದು ಅತ್ತೆ ಹಿಂದಿನ ವರ್ಷವೇ ದೂರಿದ್ದರು. ಮೇಸ್ತ್ರಿ ತನ್ನ ಸಮಸ್ತ ವಿದ್ಯೆಯನ್ನೂ ಧಾರೆಯೆರೆದು ಒಂದು ಬೀಗ ಮಾಡಿದ. ಬಾಗಿಲು ಮುಚ್ಚಿದರೆ ಸಾಕು, ತಾನಾಗಿ ಬೀಳುತ್ತದೆ. ಒಳಗಿನ ಹಿಡಿ ತಿರುಗಿಸಿದರೆ ಮಾತ್ರ ತೆರೆಯುತ್ತದೆ. ಹೊರಗಡೆ ಬೀಗದ ಕೈಗೆ ತೂತೇ ಇಲ್ಲ! "ತೂತಿದ್ದರೆ ತಾನೇ ಇನ್ನೊಬ್ಬ ಕೈ ಹಾಕೋದು?" ಎಂದು ಅವನು ಎದೆಯುಬ್ಬಿಸಿ ಹೇಳಿದ್ದ. ನಿಜಾಂಶವೆಂದರೆ ತೂತು ಕೊರೆಯುವುದು ಮುಂದಿನ ವಾರದ ಕೆಲಸವಾಗಿತ್ತು. ಆ ಮುಂದಿನ ವಾರ ಇನ್ನೂ ಬಂದಿರಲಿಲ್ಲ. ಬಾಗಿಲು ಗಟ್ಟಿಯಾಗಲೆಂದು ಬೀಗದ ಸುತ್ತ ಉಕ್ಕಿನ ತಗಡನ್ನು ಮಾತ್ರ ಆಗಲೇ ಹೊಡೆದಿದ್ದ.

ಕೊಳಕ್ಕೆ ರಜೆಯಿದ್ದ ದಿನಗಳಲ್ಲಿ ಈಜಿನ ತೋಳುಗಳಿಗೆ ಕೆಲಸ ಕೊಡಲು ಒಂದು ರಬ್ಬರ್ ಹಗ್ಗವಿರುತ್ತದೆ. ಅದನ್ನು ಗಟ್ಟಿಯಾದ ಯಾವುದಕ್ಕಾದರೂ ಕಟ್ಟಿ, ಬಗ್ಗಿ ನಿಂತು, ನೀರು ಎಳೆದಂತೆ ಎಳೆಯಬೇಕು. ಮನೆಯಲ್ಲಿ ಅತ್ಯಂತ ಗಟ್ಟಿಯಾದದ್ದು ಯಾವುದು? ಮೇಸ್ತ್ರಿಯ ಬೀಗ! ಅವನು ಬಾಗಿಲು ಮುಚ್ಚಿಕೊಂಡು ಅದರ ಒಳಹಿಡಿಗೇ ಹಗ್ಗ ಕಟ್ಟಿ ತಿಂಗಳುಗಟ್ಟಲೆ ಎಳೆದ. ಹಿಡಿ ಈಚೆಗೆ ಒಂದಿಷ್ಟು ಅಲ್ಲಾಡುತ್ತಿದ್ದುದು ಗಮನಕ್ಕೆ ಬಂದಿತ್ತು. ಬಿಗಿ ಮಾಡಬೇಕು, ಮುಂದಿನ ವಾರ.

ಸ್ಪರ್ಧೆಯ ಹಿಂದಿನ ದಿನ ಬಂತು. ನಿಯಮ ಕಠಿಣವಾಗಿತ್ತು: ಸಂಜೆ ಆರರೊಳಗೆ ಸೈಕಲ್ಲನ್ನು ಕೆರೆಯ ದಡದ ಅಂಗಳಕ್ಕೆ ಒಪ್ಪಿಸಬೇಕು. ಒಪ್ಪಿಸದವರಿಗೆ ಮರುದಿನ ನೀರಿಗಿಳಿಯಲು ಬಿಡುವುದಿಲ್ಲ. ಮೇಸ್ತ್ರಿ ಬೆಳಗ್ಗೆಯೇ ಸೈಕಲ್ಲನ್ನು ಬಚ್ಚಲುಮನೆಯಲ್ಲಿ ತೊಳೆದು, ಒರೆಸಿ, ಚೈನಿಗೆ ಎಣ್ಣೆ ಬಿಟ್ಟು, ಸ್ಟ್ಯಾಂಡಿನ ಮೇಲೆ ನಿಲ್ಲಿಸಿದ್ದ. ಮಧ್ಯಾಹ್ನ ಊಟವಾದ ಮೇಲೆ ಅತ್ತೆ ಮುಖ ತೊಳೆಯಲು ಒಳಗೆ ಹೋದರು. ಬಾಗಿಲು ಮುಚ್ಚಿತು. "ಟಕ್" ಎಂದಿತು.

ಸ್ವಲ್ಪ ಹೊತ್ತಿನ ಮೇಲೆ ಒಳಗಿನಿಂದ ಶಾಂತವಾದ ದನಿ ಬಂತು. "ಅಳಿಯಂದಿರೇ, ನಿಮ್ಮ ಬೀಗದ ಹಿಡಿ ನನ್ನ ಕೈಗೆ ಬಂದಿದೆ."

"ತಿರುಗಿಸಿ ಅತ್ತೆ."

"ತಿರುಗಿಸ್ತಾ ಇದ್ದೀನಿ. ಕೈಯಲ್ಲೇ ತಿರುಗ್ತಾ ಇದೆ. ಬಾಗಿಲಿಗೂ ಅದಕ್ಕೂ ಈಗ ಸಂಬಂಧ ಇಲ್ಲ."

ಮೇಸ್ತ್ರಿ ನಕ್ಕ. "ಹೆದರಬೇಡಿ ಅತ್ತೆ! ಬೀಗ ಯಾರದ್ದು? ನಂದು!"

"ಅದಕ್ಕೇ ಹೆದರಿಕೆ."

ಅವನು ಪೆಟ್ಟಿಗೆ ತಂದ. ತಂತಿ ಹಾಕೋಣವೆಂದರೆ ತೂತಿಲ್ಲ. ಸಂದಿಯಲ್ಲಿ ತಗಡು ತೂರಿಸೋಣವೆಂದರೆ ಸಂದಿಯಿಲ್ಲ. ಸಂದಿ ಉಳಿಯದಂತೆ ಉಕ್ಕಿನ ಪಟ್ಟಿ ಹೊಡೆದ ಪುಣ್ಯಾತ್ಮ ತಾನೇ. ಅಯಸ್ಕಾಂತ ಹಿಡಿದ, ಬಡಿದ, ಕಿವಿಯಿಟ್ಟು ಕೇಳಿದ. ಬೀಗ ತನ್ನ ಒಡೆಯನಿಗೆ ಸ್ವಲ್ಪವೂ ಸಲಿಗೆ ಕೊಡಲಿಲ್ಲ. ಜಗತ್ತಿನ ಸಕಲ ಕಳ್ಳರಿಗಾಗಿ ಮಾಡಿದ ಪದ್ಮವ್ಯೂಹದ ಹೊರಗೆ ಅವನೇ ನಿಂತಿದ್ದ. ಒಳಗೆ ಅತ್ತೆ. ಅತ್ತೆಯ ಪಕ್ಕದಲ್ಲಿ ಒಂದು ವರ್ಷದ ಬೆವರು, ಎರಡು ಚಕ್ರಗಳ ಮೇಲೆ.

ಹೆಂಡತಿ ಅಂಗಡಿಯಿಂದ ಬಂದಾಗ ಅವನು ಬಾಗಿಲ ಮುಂದೆ ಮಂಡಿಯೂರಿದ್ದ.

"ಇನ್ನೂ ಹೊರಟಿಲ್ವಾ? ಸೈಕಲ್ಲೆಲ್ಲಿ?"

"ಅತ್ತೆ ಜೊತೆ."

"ಅಮ್ಮ ಎಲ್ಲಿ?"

"ಸೈಕಲ್ ಜೊತೆ."

ಅವಳು ಬಾಗಿಲನ್ನು ನೋಡಿದಳು, ಗಂಡನನ್ನು ನೋಡಿದಳು, ಅರ್ಥ ಮಾಡಿಕೊಂಡಳು. "ಅಮ್ಮಾ, ಹುಷಾರಾಗಿದ್ದೀಯಾ?"

"ನಂಗೇನಾಗಿದೆ? ನೀರಿದೆ, ಗಾಳಿ ಬರೋ ಕಿಂಡಿ ಇದೆ. ಎಷ್ಟೋ ವಾರ್ಡಿಗಿಂತ ವಾಸಿ. ಹೊರಗಿರೋ ರೋಗೀನ ನೋಡು, ಉಸಿರು ಜೋರಾಗಿ ಕೇಳಿಸ್ತಿದೆ."

"ರೀ, ನಿಜ ಹೇಳಿ. ನಿಮಗೆ ಈಗ ಅರ್ಜೆಂಟಾಗಿ ಹೊರಗೆ ಬರಬೇಕಾಗಿರೋದು ನಮ್ಮಮ್ಮನಾ, ಸೈಕಲ್ಲಾ?"

ವೈವಾಹಿಕ ಜೀವನದಲ್ಲಿ ಕೆಲವು ಪ್ರಶ್ನೆಗಳಿಗೆ ಉತ್ತರವಿದ್ದರೂ ಹೇಳಬಾರದು. "ಇಬ್ಬರೂ ಒಂದೇ ಬಾಗಿಲಲ್ಲಿ ಬರ್ತಾರೆ ಬಿಡು" ಎಂದು ಮೇಸ್ತ್ರಿ ಮತ್ತೆ ಬೀಗಕ್ಕೆ ಕಿವಿಗೊಟ್ಟ.

"ಸಹಾಯಕ್ಕೆ ಯಾರನ್ನಾದ್ರೂ ಕರೀರಿ."

ಆ 'ಯಾರನ್ನಾದರೂ' ಎಂದರೆ ಯಾರೆಂದು ಇಬ್ಬರಿಗೂ ಗೊತ್ತಿತ್ತು. ಊರಿನಲ್ಲಿ ಬೀಗದ ಕೆಲಸ ಬಲ್ಲ ಇನ್ನೊಬ್ಬನೆಂದರೆ ಎದುರಂಗಡಿಯವನು. ಯಂತ್ರವಿಟ್ಟು ಚಿಟಿಕೆ ಹೊಡೆಯುವಷ್ಟರಲ್ಲಿ ನಕಲಿ ಬೀಗದ ಕೈ ಕೊರೆದುಕೊಡುವ ಅವನಿಗೆ ಮೇಸ್ತ್ರಿ ಇಟ್ಟ ಹೆಸರು ಡೂಪ್ಲಿಕೇಟು. ಇಬ್ಬರ ನಡುವೆ ಮಾತು ನಿಂತು ಬಹಳ ಕಾಲವಾಗಿತ್ತು. ಅವನನ್ನು ಕರೆದು, ನನ್ನ ಮನೆಯ, ನನ್ನ ಕೈಯಾರೆ ಮಾಡಿದ ಬೀಗವನ್ನು ತೆಗೆದುಕೊಡಪ್ಪಾ ಎನ್ನುವುದೇ? ಹಿಂದಿನ ವರ್ಷವಾಗಿದ್ದರೆ ಮೇಸ್ತ್ರಿ ಅತ್ತೆಗೆ ಕಿಂಡಿಯಿಂದ ಊಟ ಇಳಿಸುವ ವ್ಯವಸ್ಥೆಯನ್ನಾದರೂ ಮಾಡುತ್ತಿದ್ದನೇ ಹೊರತು ಆ ನಂಬರಿಗೆ ಫೋನ್ ಮಾಡುತ್ತಿರಲಿಲ್ಲ. ಆದರೆ ಈ ಒಂದು ವರ್ಷದಲ್ಲಿ ಅವನು ಸೊಂಟದೆತ್ತರದ ಮಕ್ಕಳ ಎದುರು ಮುಳುಗಿದ್ದ. ಅವರಲ್ಲೇ ಒಬ್ಬಳ ಕೈಯಿಂದ ತೇಲುವ ಹಲಗೆ ಕೇಳಿ ಪಡೆದಿದ್ದ. ಮುಳುಗುವವನು ಕೈಯೆತ್ತುವುದರಲ್ಲಿ ಅವಮಾನವಿಲ್ಲ ಎಂಬುದನ್ನು ಮೂಗಿನಿಂದ ನೀರು ಕುಡಿದು ಕಲಿತಿದ್ದ. ಅವನು ಫೋನ್ ಎತ್ತಿಕೊಂಡ.

"ಹಲೋ... ನಾನು ಎದುರಂಗಡಿ."

"ಹೇಳಿ ಮೇಸ್ತ್ರಿ."

"ಒಂದು ಬಾಗಿಲು ತೆಗೀಬೇಕಿತ್ತು."

"ಯಾರ ಮನೆದು?"

"ನಂದೇ."

ಆ ಕಡೆ ಯಾರೋ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಂತಿತ್ತು. "ಈಗ ಬಂದೆ!"

ಡೂಪ್ಲಿಕೇಟು ತನ್ನ ಚೀಲ ಹೊತ್ತು, ಮೆಟ್ಟಿಲ ಮೇಲೆ ಒಂದೊಂದೇ ಹೆಜ್ಜೆಯನ್ನು ಸವಿಯುತ್ತ ಬಂದ. ಬಾಗಿಲ ಮುಂದೆ ನಿಂತು ಬೆರಳು ಮುರಿದುಕೊಂಡ. "ಎಲ್ಲಿ, ತೂತು ತೋರಿಸಿ."

"ಇಲ್ಲ."

"ಇಲ್ಲ ಅಂದ್ರೆ?"

"ಹೊರಗಿನಿಂದ ತೂತೇ ಇಟ್ಟಿಲ್ಲ. ಒಳಗಿನಿಂದ ಮಾತ್ರ ತೆರೆಯುತ್ತೆ."

ಡೂಪ್ಲಿಕೇಟಿನ ನಗು ಮೆಲ್ಲಗೆ ಇಳಿಯಿತು. ಅವನು ಬಾಗಿಲಿಗೆ ಕೆನ್ನೆಯಾನಿಸಿ ಬೆರಳಿನಿಂದ ತಟ್ಟಿದ. ಇನ್ನೊಂದು ಕಡೆ ತಟ್ಟಿದ. "ಒಳಗೆ ಸ್ಪ್ರಿಂಗು ಎರಡಾ?"

"ಮೂರು. ಒಂದರ ಬೆನ್ನಿಗೆ ಒಂದು."

"ಅಬ್ಬ! ಮೂರನೇದು ಯಾವುದರ ಮೇಲೆ ಕೂತಿದೆ?"

ಮೇಸ್ತ್ರಿ ಸೀಮೆಸುಣ್ಣ ತಂದು ನೆಲದ ಮೇಲೆ ಬರೆದು ತೋರಿಸಿದ. ಡೂಪ್ಲಿಕೇಟು ಅದರ ಪಕ್ಕದಲ್ಲಿ ಇನ್ನೊಂದು ಬರೆದ. ಹೀಗಿದ್ದರೆ ಹೀಗೆ ಬಿಡಬೇಕಲ್ಲ, ಬಿಡಲ್ಲ, ಯಾಕೆ ಬಿಡಲ್ಲ, ಅಲ್ಲೊಂದು ಹಲ್ಲಿದೆ, ಭಲೇ ಮೇಸ್ತ್ರಿ! ವರ್ಷಗಟ್ಟಲೆ ಮುಖ ತಿರುಗಿಸಿಕೊಂಡಿದ್ದ ಇಬ್ಬರೂ ಗಂಡಸರು ನೆಲದ ಮೇಲೆ ಹೊಟ್ಟೆಯಡಿಯಾಗಿ ಮಲಗಿ, ತಲೆಗೆ ತಲೆ ತಾಗಿಸಿ, ಬಾಗಿಲ ಕೆಳಗಿನ ಕತ್ತಲೆಗೆ ಟಾರ್ಚು ಬಿಟ್ಟು ಮೆಚ್ಚಿಕೊಳ್ಳುತ್ತಿದ್ದರು. ಒಳಗಿದ್ದ ಅತ್ತೆ ಇಬ್ಬರಿಗೂ ಮರೆತುಹೋಗಿದ್ದರು. ಸಂಜೆ ಆರು ಎಂಬುದೂ ಮರೆತುಹೋಗಿತ್ತು.

ಒಳಗಿನಿಂದ 'ಗುಂಯ್' ಎಂಬ ಸದ್ದು ಶುರುವಾಯಿತು.

"ಅಮ್ಮಾ, ಏನದು?"

"ಸೈಕಲ್ಲು ಕಣೇ. ಕೂರೋಕೆ ಬೇರೆ ಏನಿದೆ ಇಲ್ಲಿ? ಕೂತಮೇಲೆ ಕಾಲು ಸುಮ್ಮನಿರಲ್ಲ."

ಹೆಂಡತಿ ಗಡಿಯಾರ ನೋಡಿದಳು. ಆಮೇಲೆ ಬಾಗಿಲನ್ನು ನೋಡಿದಳು. ಬೀಗವಿದ್ದ ಬದಿಯನ್ನಲ್ಲ, ಇನ್ನೊಂದು ಬದಿಯನ್ನು. ಕನ್ನಡಕ ಕೈಗೆ ಬಂದರೆ ಅವಳು ಗಾಜು ನೋಡುವವಳಲ್ಲ. ಕಡ್ಡಿ ಮಡಚುವ ಕೀಲು ನೋಡುವವಳು. ಬಚ್ಚಲುಮನೆಯ ಬಾಗಿಲು ಹೊರಕ್ಕೆ ತೆರೆಯುವಂಥದ್ದು. ಅದರ ಕೀಲುಗಳು ಮೂರೂ ಹೊರಗಡೆಯೇ, ಗೋಡೆಗಂಟಿಕೊಂಡು ಎದ್ದು ಕಾಣುತ್ತಿದ್ದವು. ಅವಳು ಡೂಪ್ಲಿಕೇಟಿನ ಚೀಲದಿಂದ ಸುತ್ತಿಗೆ, ಮೊಳೆ ತೆಗೆದುಕೊಂಡಳು. ಗಂಡನ ಬೆನ್ನು ದಾಟಿ ಹೋಗಿ ಕೆಳಗಿನ ಕೀಲಿನ ಪಿನ್ನಿಗೆ ಅಡಿಯಿಂದ ಟಣ್ ಎಂದು ಒಂದು ಕೊಟ್ಟಳು.

"ಏಯ್, ಏನ್ ಮಾಡ್ತಿದ್ದೀಯ? ಬೀಗ ಈ ಕಡೆ ಇದೆ!" ಎಂದ ಮೇಸ್ತ್ರಿ ತಲೆಯೆತ್ತದೆ.

"ಗೊತ್ತು. ಅದಕ್ಕೇ ಈ ಕಡೆ ಬಂದೆ."

ಟಣ್, ಟಣ್. ಮೂರು ಪಿನ್ನುಗಳೂ ಹೊರಬಂದವು. ಬಾಗಿಲು ಕೀಲಿನ ಕಡೆಯಿಂದ ಬಿಟ್ಟುಕೊಂಡು, ಅಜೇಯ ಬೀಗದ ಸಮೇತ, ಇಬ್ಬರು ತಜ್ಞರ ಬೆನ್ನ ಮೇಲೆ ಒರಗಿತು. ಒಳಗೆ ಅತ್ತೆ ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು, ಸಿಂಹಾಸನಾರೂಢರಾಗಿ, ಸಮ ಲಯದಲ್ಲಿ ಸೈಕಲ್ ತುಳಿಯುತ್ತಿದ್ದರು.

"ಬಂದ್ರಾ? ಇನ್ನೊಂದು ಸ್ವಲ್ಪ ಹೊತ್ತು ಬಿಟ್ಟಿದ್ರೆ ಮುಂದಿನ ಊರು ಮುಟ್ತಿದ್ದೆ."

ಮುಂದಿನದು ಓಟವಲ್ಲ, ಓಡಾಟ. ಡೂಪ್ಲಿಕೇಟಿನ ವ್ಯಾನಿನಲ್ಲಿ ಸೈಕಲ್ಲು ಹೇರಿಕೊಂಡು ನಾಲ್ವರೂ ಕೆರೆಯ ಕಡೆ ಹೊರಟರು. ದ್ವಾರಕ್ಕೆ ಹಗ್ಗ ಕಟ್ಟುತ್ತಿದ್ದ ಸ್ವಯಂಸೇವಕನ ಕೈಯಿಂದ ಡೂಪ್ಲಿಕೇಟು ಆ ಹಗ್ಗವನ್ನೇ ಕಸಿದುಕೊಂಡ. "ನಮ್ಮ ಮೇಸ್ತ್ರಿ ಬರ್ತಿದ್ದಾರೆ, ಒಂದು ನಿಮಿಷ ಸಾರ್!" ಎಂದು ಕೂಗಿದ. ನಮ್ಮ ಮೇಸ್ತ್ರಿ! ಸೈಕಲ್ಲು ಒಳಗೆ ಹೋಯಿತು. ಹಿಂದೆಯೇ ದ್ವಾರಕ್ಕೆ ಹಗ್ಗ ಬಿತ್ತು.

ಮರುದಿನ ಬೆಳಗ್ಗೆ ಕೆರೆ ತಣ್ಣಗಿತ್ತು. ಮೇಸ್ತ್ರಿ ಜಗಳವಾಡಲಿಲ್ಲ. ನೂರಾರು ಕೈಕಾಲುಗಳ ನಡುವೆ ಅವನು ತನ್ನ ಪಾಡಿಗೆ ನೀರನ್ನು ಕೇಳಿಸಿಕೊಳ್ಳುತ್ತ ಹೋದ, ದಡ ಬಂತು. ಓಡಿಹೋಗಿ ಸೈಕಲ್ ಹತ್ತಿದ, ತುಳಿದ. ಮೊಣಕಾಲು ಗದ್ದಕ್ಕೆ ಬಂದು ಬಡಿಯಿತು!

ಸೀಟು ಒಂದು ಗೇಣು ಕೆಳಗೆ ಇಳಿದಿತ್ತು. ಅತ್ತೆ ತಮ್ಮ ಕಾಲಿಗೆ ಹೊಂದುವಂತೆ ಮಾಡಿಕೊಂಡಿದ್ದರು. ಮಾಡಿಕೊಂಡವರು ಮೇಟ್ರನ್ ಆದ್ದರಿಂದ ಬ್ಯಾಂಡೇಜು ಬಿಗಿದಂತೆ ಬಿಗಿದಿದ್ದರು. ಹಿಂದಿನ ಸಂಜೆಯ ಗಡಿಬಿಡಿಯಲ್ಲಿ ಯಾರೂ ನೋಡಿರಲಿಲ್ಲ. ಮೇಸ್ತ್ರಿ ದಾರಿಯ ಬದಿಗಿಳಿದು ಸೀಟಿನ ಕೆಳಗಿನ ಹಿಡಿಯನ್ನು ಎಳೆದ, ತಿರುಚಿದ, ಒದೆಯಲು ಕಾಲನ್ನೂ ಎತ್ತಿದ. ಒದ್ದೆ ಬೆರಳು ಜಾರಿತು. ಪಕ್ಕದಲ್ಲಿ ಒಬ್ಬೊಬ್ಬರಾಗಿ ದಾಟಿಹೋಗುತ್ತಿದ್ದರು. ಅಂಗಡಿಗೆ ಸೈಕಲ್ ಹೊತ್ತು ತಂದಿದ್ದ ಆ ಹೆಂಗಸೂ ಕೈಬೀಸಿ ಹೋದಳು. ಎತ್ತಿದ ಕಾಲನ್ನು ಅವನು ಕೆಳಗಿಟ್ಟ. ಕಣ್ಣು ಮುಚ್ಚಿ, ಬೆರಳನ್ನು ಒರೆಸಿ, ಹಿಡಿಯ ಮೇಲೆ ಸುಮ್ಮನೆ ಇಟ್ಟ. ಹೊರಗೆ ಎಳೆಯುವ ಬದಲು ಒಂದು ಕೂದಲೆಳೆ ಒಳಕ್ಕೆ ಒತ್ತಿದ. 'ಕಟ್' ಎಂದು ಬಿಟ್ಟುಕೊಂಡಿತು. ಸೀಟು ಏರಿತು. ಜೀವಮಾನದಲ್ಲಿ ತೆಗೆದ ಬೀಗಗಳಲ್ಲಿ ಇಷ್ಟು ಖುಷಿ ಕೊಟ್ಟದ್ದು ಇನ್ನೊಂದಿರಲಿಲ್ಲ.

ಓಟದ ಕೊನೆಯ ಹೊತ್ತಿಗೆ ಕಾಲುಗಳು ಅವನವಾಗಿ ಉಳಿದಿರಲಿಲ್ಲ. ಯಾರಿಂದಲೋ ಎರವಲು ತಂದ ಮರದ ಕಂಬಗಳಾಗಿದ್ದವು. ಸೂರ್ಯ ಮರಗಳ ನೆತ್ತಿಗೆ ಇಳಿದಿದ್ದ. ಒಂದು ಗಳಿಗೆ ಅವನು ದಾರಿಬದಿಯ ಕಲ್ಲನ್ನು ಆಸೆಯಿಂದ ನೋಡಿದ. ಅಷ್ಟರಲ್ಲಿ ಜನರ ಸಾಲಿನಿಂದ ಒಂದು ದನಿ ವಾರ್ಡಿನ ಈ ತುದಿಯಿಂದ ಆ ತುದಿಗೆ ಕೇಳುವಂತೆ ಮೊಳಗಿತು:

"ಅಳಿಯಂದಿರೇ! ಕೂತ್ರೆ ಏಳಲ್ಲ! ನಡೀರಿ, ಮುಂದೆ!"

"ಬನ್ನಿ ರೀ, ಬಂದೇಬಿಟ್ರಿ!" ಎಂದು ಕುಣಿಯುತ್ತಿದ್ದಳು ಹೆಂಡತಿ. "ಮೇಸ್ತ್ರಿ! ಮೇಸ್ತ್ರಿ!" ಎಂದು ಎರಡು ಬೆರಳು ಬಾಯಲ್ಲಿಟ್ಟು ಸೀಟಿ ಹೊಡೆಯುತ್ತಿದ್ದ ಡೂಪ್ಲಿಕೇಟು.

ಮೇಸ್ತ್ರಿ ಸೂರ್ಯನಿಗಿಂತ ಮೊದಲು ಮುಗಿಸಿದ. ಕೊನೆಯ ಗೆರೆ ದಾಟುವಾಗ ಎರಡೂ ಕೈ ಮೇಲಿದ್ದವು. ಇಳಿಸಲು ಇನ್ನೊಬ್ಬರ ಸಹಾಯ ಬೇಕಾಯಿತು. ಕೊರಳಿಗೆ ಪದಕ ಬಿತ್ತು. ಅವನು ನೇರವಾಗಿ ಅತ್ತೆಯ ಮುಂದೆ ಹೋಗಿ ನಿಂತ. ಒಂದು ವರ್ಷ ಕಾದದ್ದು ಇದೊಂದು ಕ್ಷಣಕ್ಕೆ. ಅತ್ತೆ ಅವನ ಮಣಿಕಟ್ಟು ಹಿಡಿದು, ಗಡಿಯಾರ ನೋಡಿ, ನಾಡಿ ಎಣಿಸಿದರು.

"ಸರಿಯಾಗಿದೆ. ಬೆವರು ನಾರ್ತಾ ಇದೆ. ಮನೆಗೆ ನಡೀರಿ, ಸ್ನಾನ ಮಾಡಿ."

ಅಷ್ಟೇ!

ಮನೆಗೆ ಬರುವವರೆಗೂ ಮೇಸ್ತ್ರಿ ವ್ಯಾನಿನಲ್ಲಿ ಪದಕವನ್ನು ಮಗುಚಿ ಮಗುಚಿ ನೋಡುತ್ತ ಕೂತಿದ್ದ. ಮೆಟ್ಟಿಲುಗಳನ್ನು ಒಂದೊಂದಾಗಿ, ಬೆನ್ನು ಮುಂದಾಗಿ, ಕೂಸಿನಂತೆ ಹತ್ತಿದ. ಬೆಳಗ್ಗೆ ಹೊರಡುವ ಮುಂಚೆ ಹೆಂಡತಿ ಬಚ್ಚಲುಮನೆಯ ಬಾಗಿಲಿಗೆ ಮತ್ತೆ ಪಿನ್ನು ಕೂರಿಸಿದ್ದಳು. ಹಿಡಿ ಇಲ್ಲದ ಬೀಗ ಬೀಳದಂತೆ ಬಾಗಿಲಿಗೆ ಬಕೀಟನ್ನು ಅಡ್ಡ ಇಟ್ಟಿದ್ದಳು. ಮೇಸ್ತ್ರಿ ಬಂದ, ಬಕೀಟು ನೋಡಿದ, ಸ್ನಾನಕ್ಕೆ ಬಕೀಟು ಬೇಕಲ್ಲ ಎಂದು ಎತ್ತಿಕೊಂಡು ಒಳಗೆ ಹೋದ.

ಟಕ್.

ಅವನು ನಿಧಾನವಾಗಿ ತಿರುಗಿ ನೋಡಿದ. ಹಿಡಿ ಇರಬೇಕಾದ ಜಾಗದಲ್ಲಿ ಒಂದು ಖಾಲಿ ತೂತು ಅವನನ್ನೇ ನೋಡುತ್ತಿತ್ತು. ಒಳಗಿನಿಂದ ಮಾತ್ರ ತೆರೆಯುವ ಬೀಗ ಈಗ ಒಳಗಿನಿಂದಲೂ ತೆರೆಯುವುದಿಲ್ಲ. ಕೂಗಲು ಬಾಯಿ ತೆರೆದ. ಅಷ್ಟರಲ್ಲಿ ಹೊರಗೆ ಕೆಳಗಿನ ಮನೆಯವರ ದನಿ ಕೇಳಿಸಿತು.

"ಏನಂತೆ ಮೇಡಂ, ಮುಗಿಸಿದರಾ ನಿಮ್ಮ ಅಳಿಯ?"

"ಮುಗಿಸದೆ ಏನು? ಹಿಡಿದದ್ದು ಬಿಡೋ ಜಾಯಮಾನ ಅಲ್ಲ ಅವರದು!" ಅತ್ತೆಯ ದನಿ. ಬಾಗಿಲಿಗೆ ಬಹಳ ಹತ್ತಿರದಲ್ಲಿತ್ತು. "ನೀರಿಗೆ ಇಳಿದದ್ದು ನೋಡಬೇಕಿತ್ತು ನೀವು, ಹುಟ್ಟಿದ್ದೇ ಅಲ್ಲೇನೋ ಅನ್ನೋ ಹಾಗೆ. ದಾರೀಲಿ ಸೈಕಲ್ಲು ತೊಂದರೆ ಕೊಡ್ತು. ಅದು ನನ್ನಿಂದ ಆದದ್ದು, ಒಂದು ಮಾತು ಆಡಿಲ್ಲ ನೋಡಿ ಪುಣ್ಯಾತ್ಮ. ಆ ವಯಸ್ಸಿಗೆ, ಆ ಮೈಯಿಟ್ಟುಕೊಂಡು ಒಂದು ದಿನ ತಪ್ಪಿಸಿಲ್ಲ. ನನ್ನ ಮಗಳನ್ನ ಕೊಟ್ಟಾಗ ಅಳುಕಿತ್ತು ನಂಗೆ. ಈಗ ಇಲ್ಲ."

ಮೇಸ್ತ್ರಿ ಬಾಯಿ ಮುಚ್ಚಿಕೊಂಡ. ಸದ್ದಾಗದಂತೆ ಬಕೀಟನ್ನು ಬೋರಲು ಹಾಕಿ ಅದರ ಮೇಲೆ ಕೂತ. ಪದಕವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಅತ್ತೆ ಓಟದ ಕೊನೆಯ ತಿರುವಿಗೆ ಬಂದಿದ್ದರು, ಕಥೆ ರಂಗೇರಿತ್ತು. ದಾರಿಬದಿಯ ಆ ಕಲ್ಲು ಈಗ ಬಂಡೆಯಾಗಿತ್ತು. ದಾಟಿಹೋದವರೆಲ್ಲ ಅಳಿಯನ ಹಿಂದೆ ಬಿದ್ದಿದ್ದರು. ಅವನು ಕಣ್ಣೊರೆಸಿಕೊಂಡ. ಈ ಸಲ ಈಜಿನ ಕನ್ನಡಕ ಇರಲಿಲ್ಲ, ಇಣುಕಿ ನೋಡುವವರೂ ಇರಲಿಲ್ಲ.

ಕೆಳಗಿನ ಮನೆಯವರು ಶಹಬ್ಬಾಸ್ ಎಂದು ಮೆಟ್ಟಿಲಿಳಿದು ಹೋದರು. ಆಮೇಲೆ ಬಾಗಿಲ ಮೇಲೆ ಬೆರಳಿನಿಂದ ಎರಡು ಸಲ ತಟ್ಟಿದ್ದು ಕೇಳಿಸಿತು.

"ಅಳಿಯಂದಿರೇ, ಆಗಲೇ 'ಟಕ್' ಅಂದಿದ್ದು ನಂಗೂ ಕೇಳಿಸ್ತು. ನಿಮಗೆ ಕೇಳಿಸ್ಕೊಂಡಿದ್ದು ಸಾಕಾ? ಸಾಕಾಗಿದ್ರೆ ಹೇಳಿ, ಸುತ್ತಿಗೆ ತರಿಸ್ತೀನಿ. ಇಲ್ಲಾಂದ್ರೆ ಎದುರುಮನೆಯವರನ್ನೂ ಕರೀತೀನಿ."